ಗಣಪತಿ ಇನ್ನು ಯಾವ ಗಾಡಿಯಲ್ಲಿ ಬರ್ತಾನೆ?

ಪ್ರಿಯ ಬಂಧುಗಳೇ,

ರಾತ್ರಿ ಹನ್ನೊಂದೂವರೆ ಆಗಿದೆ. ಬೆಳಗಾಗುವುದರೊಳಗೆ ಈ ಸಂಚಿಕೆ ನಿಮ್ಮೆಲ್ಲರ ಕೈಗೆ ಹೋಗಬೇಕು. ಹೊರಗೆ ಮೈನಸ್ 31. ಎಂಜಿನ್ ಹೆಪ್ಪುಗಟ್ಟದಿರಲಿ ಅಂತ ಈಗಷ್ಟೇ ಕಾರಿಗೆ ಕರೆಂಟಿನ ಪ್ಲಗ್ ಹಾಕಿ ಬಂದು ಕೂತಿದ್ದೇನೆ, ಬೆರಳು ಇನ್ನೂ ಸರಿಯಾಗಿ ಮಡಚುತ್ತಿಲ್ಲ.

ಸಂಕ್ರಾಂತಿಯ ಬಗ್ಗೆ ಬರೆಯಬೇಕು ಅಂತಿದ್ದೆ. ಆದರೆ ಕಳೆದ ಭಾನುವಾರ ಕನ್ನಡ ತರಗತಿಯಲ್ಲಿ ಒಂದು ಮಗು ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಟ್ರಕ್ ಮಾವ ಊರು ಬಿಡುತ್ತಿದ್ದಾರೆ, ಟ್ರಕ್ಕನ್ನೂ ಕೊಟ್ಟುಬಿಡುತ್ತಾರಂತೆ ಅಂತ ದೊಡ್ಡವರು ಮಾತಾಡಿಕೊಳ್ಳುತ್ತಿದ್ದೆವು. ಅಕ್ಷರ ತಿದ್ದುತ್ತಾ ಕೂತಿದ್ದ ಆರು ವರ್ಷದ ಪುಟ್ಟಿ ತಲೆ ಎತ್ತಿ ಕೇಳಿತು: "ಹಾಗಾದ್ರೆ ಗಣಪತಿ ಇನ್ನು ಯಾವ ಗಾಡೀಲಿ ಬರ್ತಾನೆ?"

ಯಾರ ಬಳಿಯೂ ಉತ್ತರ ಇರಲಿಲ್ಲ. ಕೆನಡಾದ ಎಡ್ಮಂಟನ್ನಿನ ನಮ್ಮ ಮಕ್ಕಳಿಗೆ ಗಣಪತಿಯ ವಾಹನ ಇಲಿ ಅಲ್ಲ, 1977ರ ಫೋರ್ಡ್ ಎಫ್-150. ಹಸಿರು ಮೈ, ಬಿಳಿ ಚಾವಣಿ, ದುಂಡು ದೀಪ. ಹಬ್ಬದ ದಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ, ಮೂರ್ತಿಗೆ ಶಾಲು ಹೊದಿಸಿ, ಎರಡೂ ಕಡೆ ಇಬ್ಬರು ಹಿಡಿದು ಕೂತು ತರುತ್ತಿದ್ದೆವು. ರಾಜ್ಯೋತ್ಸವದ ವೇದಿಕೆಯ ಹಲಗೆ, ಯುಗಾದಿಯ ದೊಡ್ಡ ಹಂಡೆಗಳು, ಮಡಚುವ ಮೇಜುಗಳು, ಎಲ್ಲವೂ ಆ ಗಾಡಿಯಲ್ಲೇ ಬಂದವು, ಆ ಗಾಡಿಯಲ್ಲೇ ಹೋದವು. ಬಾಡಿಗೆಗೆ ಇಷ್ಟು ಅಂತ ಸಂಘದ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮಾವ ಪೆಟ್ರೋಲಿಗೂ ದುಡ್ಡು ತೆಗೆದುಕೊಂಡವರಲ್ಲ.

ಮಾವ, ಅತ್ತೆ ಈ ತಿಂಗಳ ಕೊನೆಗೆ ವಿಕ್ಟೋರಿಯಾದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದಾರೆ. ಈ ಚಳಿ ಮಾವನ ಎದೆಗೆ ಇನ್ನು ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅಲ್ಲಿ ಮಳೆ ಜಾಸ್ತಿ, ಹಿಮ ಕಡಿಮೆ. ಆಮೇಲೆ ಟ್ರಕ್ ವೆಟಾಸ್ಕಿವಿನ್ ಕಡೆಯ ಒಬ್ಬ ರೈತರ ಪಾಲಾಗಲಿದೆ.

ಹೊಸದಾಗಿ ಬಂದವರಿಗೆ ಹಳೇ ಪಿಕಪ್ಪಿನ ಮಾತು ಯಾಕೆ ಇಷ್ಟು ಅನ್ನಿಸಬಹುದು. ನಿಮ್ಮ ಕಾರು ಈಗ ಫೋನಿನಿಂದಲೇ ಸ್ಟಾರ್ಟ್ ಆಗುತ್ತದೆ, ಸೀಟು ತಾನೇ ಬಿಸಿಯಾಗುತ್ತದೆ. ಆ ಟ್ರಕ್ ಹಾಗಿರಲಿಲ್ಲ. ಮೈನಸ್ 35ರಲ್ಲಿ ಎಂಜಿನ್ ಆಯಿಲ್ ಜೋನಿ ಬೆಲ್ಲದ ಹಾಗಾಗುತ್ತದೆ. ಅದರೊಳಗೆ ಎಂಜಿನ್ ತಿರುಗಿಸಲು ಬಲ ಜಾಸ್ತಿ ಬೇಕು, ಅದೇ ಹೊತ್ತಿಗೆ ಬ್ಯಾಟರಿಯ ಬಲ ಚಳಿಗೆ ಇಳಿದಿರುತ್ತದೆ. ಅದಕ್ಕೇ ಬ್ಲಾಕ್ ಹೀಟರ್, ಅಂದರೆ ನಿಂತ ಗಾಡಿಯ ಎಂಜಿನ್ನನ್ನು ಕರೆಂಟಿನಿಂದ ಬೆಚ್ಚಗಿಡುವ ಸಾಧನ. ಇದರ ಮೂಲ ರೂಪಕ್ಕೆ 1949ರಲ್ಲಿ ಪೇಟೆಂಟ್ ಪಡೆದವರು ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್. ಇಂಥ ಚಳಿಯಲ್ಲೇ ಬದುಕಿದ ಮನುಷ್ಯ. ಮಾವ ಪ್ಲಗ್ ಹಾಕುವಾಗಲೆಲ್ಲ ಅವರನ್ನು ನೆನೆಯುತ್ತಾರೆ. ಗ್ರಿಲ್ಲಿನ ಕೆಳಗೆ ನೇತಾಡುವ ಆ ವಯರು ನೋಡಿ ಇದೇ ಪುಟ್ಟಿ ಹೋದ ವರ್ಷ "ಟ್ರಕ್ ನಾಲಿಗೆ ಚಾಚಿದೆ" ಅಂದಿತ್ತು.

ನಾನು ಗಾಡಿ ಓಡಿಸಲು ಕಲಿತದ್ದು ಅದರಲ್ಲೇ, 1996ರ ಚಳಿಗಾಲದಲ್ಲಿ. ವಿದ್ಯಾರ್ಥಿಯಾಗಿ ಬಂದವನು, ಕೈಯಲ್ಲಿ ದುಡ್ಡಿಲ್ಲ. ಮಾವ ಶನಿವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗಿ ಬೇಕಂತಲೇ ಜಾರಿಸಿ ತೋರಿಸುತ್ತಿದ್ದರು. "ಬ್ರೇಕ್ ಮರೆತುಬಿಡು. ಹಿಂಭಾಗ ಎತ್ತ ಜಾರುತ್ತೋ ಅತ್ತಲೇ ಸ್ಟೀರಿಂಗ್ ತಿರುಗಿಸು." ಪಿಕಪ್ಪಿನ ಹಿಂಭಾಗ ಹಗುರ, ಓಡುವುದು ಮಾತ್ರ ಹಿಂದಿನ ಚಕ್ರದಿಂದ. ಅದಕ್ಕೆ ಅಕ್ಟೋಬರ್ ಮುಗಿಯುವುದರೊಳಗೆ ಹಿಂದಿನ ಅಚ್ಚಿನ ಮೇಲೆ ಆರು ಮರಳಿನ ಚೀಲ ಹೇರುತ್ತಿದ್ದರು. ಭಾರಕ್ಕೆ ಭಾರವೂ ಆಯಿತು, ಹೂತುಕೊಂಡರೆ ಚಕ್ರದ ಕೆಳಗೆ ಸುರಿಯಲು ಮರಳೂ ಆಯಿತು. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಜೀಪು ಕೆಸರಲ್ಲಿ ಹೂತರೆ ಸೊಪ್ಪು ಕಡಿದು ಚಕ್ರದ ಕೆಳಗೆ ಹಾಕುತ್ತಾರಲ್ಲ, ಹಾಗೇ. ಹೈಬೀಮ್ ಬೇಕಾದರೆ ಎಡಗಾಲಿನಿಂದ ನೆಲದ ಮೇಲಿನ ಗುಂಡಿ ಒತ್ತಬೇಕು. ದಪ್ಪ ಬೂಟಿನಲ್ಲಿ ಅದು ಸಿಗುತ್ತಲೇ ಇರಲಿಲ್ಲ. ರಾತ್ರಿಯಿಡೀ ನಿಂತ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ ಹೆಪ್ಪುಗಟ್ಟಿರುತ್ತಿತ್ತು. ಮೊದಲ ಒಂದೆರಡು ಕಿಲೋಮೀಟರು ಧಡ್ ಧಡ್ ಅಂತ ಎತ್ತಿನ ಗಾಡಿ ಹೋದ ಹಾಗೆ.

ಒಂದು ರಾತ್ರಿಯದ್ದು ಹೇಳಲೇಬೇಕು. 1997ರ ಜನವರಿ. ಸಾಸ್ಕಟೂನಿನಲ್ಲಿದ್ದ ಒಂದು ಕನ್ನಡ ಸಂಸಾರ ಬೆಂಗಳೂರಿಗೆ ವಾಪಸ್ ಹೊರಟಿತ್ತು. ನಮ್ಮ ಕನ್ನಡ ಪುಸ್ತಕಗಳನ್ನು ಯಾರಾದರೂ ಒಯ್ಯುತ್ತೀರಾ ಅಂತ ಕೇಳಿದ್ದರು. ಮಾವ ಕೂಡಲೇ ಒಪ್ಪಿಕೊಂಡರು. ಹೋಗಲು ಐನೂರು ಕಿಲೋಮೀಟರಿಗಿಂತ ಜಾಸ್ತಿ, ಬರಲು ಅಷ್ಟೇ. ಪುಸ್ತಕದ ಡಬ್ಬಗಳನ್ನು ಹಿಂದೆ ಜೋಡಿಸಿ, ಟಾರ್ಪಾಲಿನ್ ಕಟ್ಟಿ, ಮಧ್ಯಾಹ್ನ ಹೊರಟೆವು. ಲಾಯ್ಡ್‌ಮಿನ್‌ಸ್ಟರ್ ದಾಟುವಾಗಲೇ ಕತ್ತಲೆ. ಹೆದ್ದಾರಿ 16ರ ಮೇಲೆ ಪುಡಿ ಹಿಮ ಹಾವಿನ ಹಾಗೆ ಹರಿದಾಡುತ್ತಿತ್ತು. ಇನ್ನಿಸ್‌ಫ್ರೀ ಆದಮೇಲೆ ಟ್ರಕ್ ಒಮ್ಮೆ ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ನಿಂತಿತು.

ಮಾವ ಎರಡನೇ ಟ್ಯಾಂಕಿನ ಸ್ವಿಚ್ ಹಾಕಿ ನೋಡಿದರು. ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಹೊರಗೆ ಮೈನಸ್ 37. ನಾನು ಬಾಗಿಲಿಗೆ ಕೈ ಹಾಕಿದೆ, ದೂರದಲ್ಲಿ ಒಂದು ದೀಪ ಕಾಣುತ್ತಿತ್ತು, ನಡೆದು ಹೋಗಿ ಬರುತ್ತೇನೆ ಅಂದೆ. ಮಾವ ನನ್ನ ತೋಳು ಹಿಡಿದು "ಇಳೀಬೇಡ ಕಣೋ. ಆ ದೀಪ ಹತ್ತಿರ ಕಾಣುತ್ತೆ, ಹತ್ತಿರ ಇಲ್ಲ. ಗಾಡಿ ಬಿಟ್ಟವರನ್ನ ಆಮೇಲೆ ಹುಡುಕಬೇಕಾಗುತ್ತೆ" ಅಂದರು. ಸೀಟಿನ ಹಿಂದಿನಿಂದ ಕಾಫಿ ಡಬ್ಬಿ ತೆಗೆದರು. ಒಳಗೆ ಒಂದು ದಪ್ಪ ಮೇಣದ ಬತ್ತಿ. ಹಚ್ಚಿ ಕಾಲ ಬಳಿ ಇಟ್ಟು, ಗಾಳಿ ಆಡಲಿ ಅಂತ ಮುಂದಿನ ಪುಟ್ಟ ತ್ರಿಕೋನ ಕಿಟಕಿ ಬೆರಳಷ್ಟು ತೆರೆದರು. ಕಾಲು ಗಂಟೆಯಲ್ಲಿ ನಮ್ಮ ಉಸಿರೇ ಗಾಜಿನ ಒಳಗಡೆ ರಂಗೋಲಿಯ ಹಾಗೆ ಹೆಪ್ಪುಗಟ್ಟಿತು. ಅತ್ತೆ ಕಟ್ಟಿಕೊಟ್ಟಿದ್ದ ಚಿತ್ರಾನ್ನ ಕಲ್ಲಾಗಿತ್ತು. ಚಕ್ಕುಲಿ ಮಾತ್ರ ಚಕ್ಕುಲಿಯಾಗಿಯೇ ಇತ್ತು, ಇಬ್ಬರೂ ಅದನ್ನೇ ಜಗಿದೆವು. ಮಾವ ತಮ್ಮ ಒಂದು ಗ್ಲೌಸ್ ಬಿಚ್ಚಿ ನನ್ನ ಗ್ಲೌಸಿನ ಮೇಲೆ ತೊಡಿಸಿದರು.

ಮುಕ್ಕಾಲು ಗಂಟೆ ಆಗಿತ್ತೇನೋ. ಹಿಂದಿನಿಂದ ಬೆಳಕು ಬಿತ್ತು. ನಮ್ಮದಕ್ಕಿಂತ ಹಳೆಯ ಪಿಕಪ್, ಮೂಗಿನ ಮೇಲೆ ಮರ್ಕ್ಯುರಿ ಅಂತ ಬರೆದಿತ್ತು. (1946ರಿಂದ 1968ರವರೆಗೆ ಕೆನಡಾದಲ್ಲಷ್ಟೇ ಮಾರಿದ ಫೋರ್ಡ್ ಟ್ರಕ್ಕುಗಳವು, ಹೆಸರು ಮಾತ್ರ ಬೇರೆ. ಈಗ ನೋಡಬೇಕೆಂದರೆ ಮ್ಯೂಸಿಯಂ, ಇಲ್ಲವೇ ಹೊಲದ ಮೂಲೆ.) ಇಳಿದವರು ಎಪ್ಪತ್ತು ದಾಟಿದ ರೈತರು. ಮಾತೇ ಇಲ್ಲ. ಬಾನೆಟ್ ಎತ್ತಿ, ಕಾರ್ಬುರೇಟರ್ ಹತ್ತಿರದ ಪುಟ್ಟ ಫಿಲ್ಟರನ್ನು ಬರಿಗೈಯಲ್ಲೇ ಬಿಚ್ಚಿ ಕಿವಿಯ ಹತ್ತಿರ ಅಲುಗಾಡಿಸಿದರು. ಒಳಗೆ ಸಣ್ಣಗೆ ಸದ್ದು, ಗೆಜ್ಜೆಯ ಹರಳಿನ ಹಾಗೆ. ಪೆಟ್ರೋಲಿನಲ್ಲಿ ಸೇರಿಕೊಂಡಿದ್ದ ನೀರು ಮಂಜುಗಡ್ಡೆಯಾಗಿ ದಾರಿ ಕಟ್ಟಿತ್ತು. ಎರಡು ಟ್ಯಾಂಕಿನಿಂದಲೂ ದಾರಿ ಅದೇ ಫಿಲ್ಟರಿಗೆ, ಸ್ವಿಚ್ ಹಾಕಿ ಏನು ಪ್ರಯೋಜನ? ಅದನ್ನು ಅಂಗೈಯಲ್ಲಿ ಮುಚ್ಚಿ ಬಿಸಿ ಮಾಡಿ, ಮಂಜುಗಡ್ಡೆ ಕರಗಿಸುವ ಮೆಥೈಲ್ ಹೈಡ್ರೇಟ್ (ಮೆಥನಾಲ್) ಹಾಕಿ ತೊಳೆದು, ಉಳಿದದ್ದನ್ನು ಟ್ಯಾಂಕಿಗೆ ಸುರಿದರು. ತಮ್ಮ ಗಾಡಿಯ ಬ್ಯಾಟರಿಯಿಂದ ನಮ್ಮದಕ್ಕೆ ಬೂಸ್ಟರ್ ಕೇಬಲ್ ಕೊಟ್ಟರು. ನಾಲ್ಕನೇ ಸಲಕ್ಕೆ ಟ್ರಕ್ ಗುಡುಗಿತು.

ಹಿಂದೆ ಏನು ಹೇರಿದ್ದೀರಿ ಅಂತ ಕೇಳಿದರು. ಪುಸ್ತಕ ಅಂದೆವು. ನಂಬಲಿಲ್ಲವೋ ಏನೋ, ಮಾವ ಟಾರ್ಪಾಲಿನ್ ಅಂಚು ಎತ್ತಿ ಒಂದು ಪುಸ್ತಕ ಕೈಗೆ ಕೊಟ್ಟರು. ಟಾರ್ಚ್ ಬೆಳಕಿನಲ್ಲಿ ಹಾಳೆ ತಿರುಗಿಸಿ ನಮ್ಮ ದುಂಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಅವರ ಅಜ್ಜಿ ಉಕ್ರೇನಿನಿಂದ ಒಂದು ಪೆಟ್ಟಿಗೆ ಪುಸ್ತಕ ತಂದಿದ್ದರಂತೆ. ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ, ಮನೆಯಲ್ಲಿ ಓದಲು ಬರುವವರು ಯಾರೂ ಉಳಿದಿಲ್ಲ ಅಂದರು. ಪುಸ್ತಕ ವಾಪಸ್ ಕೊಟ್ಟರು. ವೆಗ್ರವಿಲ್‌ನಲ್ಲಿ ಮೊಟ್ಟೆಯಾಕಾರದ ಆ ದೊಡ್ಡ ಬಣ್ಣದ ಶಿಲ್ಪ ಇದೆಯಲ್ಲ, 1975ರಲ್ಲಿ ನಿಲ್ಲಿಸಿದ್ದು, ಅದು ಕಾಣುವವರೆಗೂ ನಮ್ಮ ಹಿಂದೆಯೇ ಬಂದು, ದೀಪ ಒಮ್ಮೆ ಮಿನುಗಿಸಿ ತಿರುಗಿ ಹೋದರು. ಹೆಸರು ಕೇಳಲು ಮರೆತೆವು. ಮಾವ ಈಗಲೂ ಅದನ್ನು ಹೇಳಿಕೊಂಡು ಬೇಜಾರು ಮಾಡಿಕೊಳ್ಳುತ್ತಾರೆ.

ಆ ಡಬ್ಬಗಳೇ ಇವತ್ತಿನ ನಮ್ಮ ಗ್ರಂಥಾಲಯ. ತರಗತಿ ನಡೆಯುವ ಕೋಣೆಯ ಎರಡು ಕಪಾಟು. ಪುಟ್ಟಿ ಕೂತು ಅಕ್ಷರ ತಿದ್ದುವುದು ಅವುಗಳ ಮುಂದೆಯೇ.

ಹೊಸಬರಿಗೆ ಒಂದೆರಡು ಮಾತು. ಚಳಿಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ, ಖಾಲಿ ಜಾಗದಲ್ಲೇ ತೇವ ಕೂರುವುದು. ಬ್ಲಾಕ್ ಹೀಟರ್ ರಾತ್ರಿಯಿಡೀ ಬೇಡ, ಹೊರಡುವ ಮೂರು ನಾಲ್ಕು ಗಂಟೆ ಮೊದಲು ಸಾಕು, ಟೈಮರ್ ಹಾಕಿ. 2024ರ ಜನವರಿ 13ರ ಸಂಜೆ ನೆನಪಿದೆಯಲ್ಲ? ಎಳ್ಳಿನ ಪೊಟ್ಟಣ ಕಟ್ಟುತ್ತಾ ಕೂತಿದ್ದಾಗ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡಿತು, ಪ್ರಾಂತ್ಯಕ್ಕೇ ಕರೆಂಟು ಸಾಲುತ್ತಿಲ್ಲ, ಬೇಡದ ದೀಪ ಆರಿಸಿ ಅಂತ. ಗಾಡಿಯಲ್ಲಿ ಕಂಬಳಿ, ಮೇಣದ ಬತ್ತಿ, ಬೆಂಕಿಪೆಟ್ಟಿಗೆ, ಬೂಸ್ಟರ್ ಕೇಬಲ್ ಇಡಿ. ಫೋನಿನ ಬ್ಯಾಟರಿಯೂ ಚಳಿಗೆ ಸಾಯುತ್ತದೆ, ಒಳಜೇಬಿನಲ್ಲಿರಲಿ. ನಿಂತರೆ ಗಾಡಿ ಬಿಟ್ಟು ಇಳಿಯಬೇಡಿ.

ಸೂಚನೆಗಳು, ಬೇಗ ಬೇಗ ಹೇಳಿಬಿಡುತ್ತೇನೆ. ಸಂಕ್ರಾಂತಿ ಜನವರಿ 17 ಶನಿವಾರ ಸಂಜೆ 4ಕ್ಕೆ, ಎಂದಿನ ಹಾಲ್‌ನಲ್ಲೇ. ಊಟಕ್ಕೆ ಖಾರ ಪೊಂಗಲ್, ಸಿಹಿ ಪೊಂಗಲ್, ಬೂಂದಿ ಮೊಸರನ್ನ. ಕಬ್ಬು ಸಿಕ್ಕಿದೆ, ಅವರೆಕಾಯಿ ಫ್ರೋಜನ್ ಮಾತ್ರ. ಹಿಂದಿನ ದಿನ ಶುಕ್ರವಾರ ರಾತ್ರಿ ಎಳ್ಳು ಬೆರೆಸಲು, ಕೊಬ್ಬರಿ ಹೆಚ್ಚಲು ಕೈಗಳು ಬೇಕು. ಸಕ್ಕರೆ ಅಚ್ಚಿನ ಮರದ ಅಚ್ಚುಗಳು ಯಾರ ಮನೆಯಲ್ಲಿವೆ? ದಯವಿಟ್ಟು ತನ್ನಿ. ಪುರಂದರದಾಸರ ಆರಾಧನೆ 25ರ ಭಾನುವಾರ, ಹಾಡುವ ಮಕ್ಕಳ ಹೆಸರು 20ರೊಳಗೆ ಕೊಡಿ. ಸದಸ್ಯತ್ವದ ಹಣ ಇನ್ನೂ ಅರ್ಧ ಜನರದ್ದು ಬಂದಿಲ್ಲ.

ಇನ್ನೊಂದು. ಮೇಜು, ಹಂಡೆ, ವೇದಿಕೆಯ ಹಲಗೆ ಇಷ್ಟು ವರ್ಷ ಮಾವನ ಗ್ಯಾರೇಜಿನಲ್ಲಿದ್ದವು. ಫೆಬ್ರವರಿ 1ಕ್ಕೆ ಅವಕ್ಕೆ ಜಾಗವಿಲ್ಲ. ಒಂದು ಗ್ಯಾರೇಜಿನ ಮೂಲೆ ಬೇಕು. ಪಿಕಪ್ ಅಥವಾ ಟ್ರೇಲರ್ ಇರುವವರು ವರ್ಷಕ್ಕೆ ನಾಲ್ಕು ದಿನ ಕೊಟ್ಟರೆ ಸಾಕು. ಹಾಗೇ ಈ ಸುದ್ದಿಪತ್ರಕ್ಕೂ ಒಬ್ಬರು ಜೊತೆಗಾರರು ಬೇಕು. ಎಂಟು ವರ್ಷದಿಂದ ಒಬ್ಬನೇ ಮಾಡುತ್ತಿದ್ದೇನೆ, ಸುಸ್ತಾಗಿದೆ. ಟೈಪಿಂಗ್ ಬಂದರೆ ಸಾಕು, ಉಳಿದದ್ದು ನಾನು ಹೇಳಿಕೊಡುತ್ತೇನೆ.

17ಕ್ಕೆ ಬರುವಾಗ ಎಕ್ಸ್‌ಟೆನ್ಷನ್ ವಯರು ತನ್ನಿ, ಹಾಲಿನ ಪಾರ್ಕಿಂಗಿನಲ್ಲಿ ಎಂಟೇ ಪ್ಲಗ್ ಇರುವುದು. ಬಾಗಿಲ ಪಕ್ಕದ ಮೊದಲನೆಯದನ್ನು ಮಾತ್ರ ಯಾರೂ ತೆಗೆದುಕೊಳ್ಳಬೇಡಿ. ಮಾವ ಅವತ್ತು ಕಬ್ಬು ಹೇರಿಕೊಂಡು ಟ್ರಕ್ಕಿನಲ್ಲೇ ಬರುತ್ತಾರೆ.

ನಿಮ್ಮ,
ಸಂಪಾದಕ