ಟೆಂಡರ್ ಕರೆದರೆ ಸಾಲದು, ಕಡಲಿಗಿಳಿಯಲು ದಾರಿ ಮಾಡಿಕೊಡಿ: ನವೀಕರಿಸಬಹುದಾದ ಇಂಧನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿಯವರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ಕರಾವಳಿಗೂ ಒಂದು ಯೋಜನೆ ಕೊಡಿ ಅನ್ನುವ ಅರ್ಜಿಯಲ್ಲ. ಕಡಲಲ್ಲಿ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ಮಾಡಲು ಅಂತ ಗುರುತಿಸಿರುವ ಜಾಗಗಳು ಗುಜರಾತ್ ಮತ್ತು ತಮಿಳುನಾಡಿನ ತೀರದಲ್ಲಿವೆ. ಗಾಳಿ ಎಲ್ಲಿ ಜೋರಾಗಿದೆಯೋ ಅಲ್ಲೇ ಯಂತ್ರ ನಿಲ್ಲಲಿ. ನನ್ನ ತಕರಾರು ಬೇರೆ.

ಕಡಲಲ್ಲಿ ಗಾಳಿಯಂತ್ರ ಹಾಕುವ ನೀತಿ ಹೊರಬಂದದ್ದು 2015ರಲ್ಲಿ. 2018ರಲ್ಲಿ ಗುರಿಯೂ ಬಂತು: 2022ಕ್ಕೆ 5 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಅಂದರೆ ಸಾವಿರ ಮೆಗಾವ್ಯಾಟ್), 2030ಕ್ಕೆ 30 ಗಿಗಾವ್ಯಾಟ್. 2022 ಬಂದು ಹೋಯಿತು, ಒಂದು ಯಂತ್ರವೂ ನೀರಿಗಿಳಿಯಲಿಲ್ಲ. ನೀವು ಖಾತೆ ವಹಿಸಿಕೊಂಡ ಹತ್ತು ದಿನದೊಳಗೆ, 2024ರ ಜೂನ್ 19ರಂದು, ಸಂಪುಟ 7,453 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎರಡೂ ರಾಜ್ಯಗಳ ತೀರದಲ್ಲಿ ತಲಾ 500 ಮೆಗಾವ್ಯಾಟ್. ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ 2025ರಲ್ಲಿ ಗುಜರಾತಿನ 500 ಮೆಗಾವ್ಯಾಟ್ ಟೆಂಡರನ್ನೂ, ತಮಿಳುನಾಡಿನಲ್ಲಿ 4 ಗಿಗಾವ್ಯಾಟ್‌ಗೆ ಕಡಲತಳ ಗುತ್ತಿಗೆ ಕೊಡುವ ಟೆಂಡರನ್ನೂ ಕಂಪನಿಗಳು ಮುಂದೆ ಬಾರದೆ ರದ್ದು ಮಾಡಬೇಕಾಯಿತು.

ನೆಲದ ಮೇಲೆ ನಾವು ಕಮ್ಮಿಯೇನಲ್ಲ. 50 ಗಿಗಾವ್ಯಾಟ್ ದಾಟಿದ್ದೇವೆ, ಜಗತ್ತಿನಲ್ಲಿ ನಾಲ್ಕನೇ ಸ್ಥಾನ. ಆ ಅನುಭವವೇ ಇಲ್ಲಿ ದಾರಿ ತಪ್ಪಿಸುತ್ತಿದೆ ಅಂತ ನನಗೆ ಅನುಮಾನ. ನೆಲದ ಮೇಲೆ ಟೆಂಡರ್ ಕರೆದರೆ ಕಂಪನಿಗಳು ಸಾಲುಗಟ್ಟಿ ಬರುತ್ತವೆ. ರಸ್ತೆ, ಕ್ರೇನ್, ಕೆಲಸ ಗೊತ್ತಿರುವ ಜನ, ಎಲ್ಲ ಇದೆ. ಕಡಲಲ್ಲಿ ಏನೂ ಇಲ್ಲ.

ಗುಜರಾತಿನ ಖಂಬಾತ್ ಕೊಲ್ಲಿಯನ್ನೇ ನೋಡಿ. ದೇಶದಲ್ಲೇ ಅತಿ ದೊಡ್ಡ ಉಬ್ಬರವಿಳಿತ ಇರುವ ಕಡಲು ಅದು. ಅದರ ದಡದ ಅಲಂಗ್‌ನಲ್ಲಿ ಹಳೇ ಹಡಗುಗಳನ್ನು ಉಬ್ಬರದ ನೀರಿನಲ್ಲೇ ದಡಕ್ಕೆ ಹತ್ತಿಸಿ ಒಡೆಯುತ್ತಾರೆ ಅಂದರೆ ಅದರ ರಭಸ ಗೊತ್ತಾಗುತ್ತದೆ ಅಲ್ವಾ? ತಳದಲ್ಲಿ ಮೆತ್ತನೆ ಕೆಸರು ಮಣ್ಣು. ಜೊತೆಗೆ ಚಂಡಮಾರುತ, 2021ರ ಮೇನಲ್ಲಿ ತೌಕ್ತೆ ಅಪ್ಪಳಿಸಿದ್ದು ಈ ಕೊಲ್ಲಿಯ ಪಕ್ಕದ ಸೌರಾಷ್ಟ್ರ ತೀರಕ್ಕೆ. ಇಂಥ ಕಡೆ ಕಂಬ ಎಷ್ಟು ಆಳಕ್ಕೆ ಹೋಗಬೇಕು, ಎಷ್ಟು ದಪ್ಪ ಇರಬೇಕು ಅನ್ನುವುದರ ಮೇಲೆ ಸಾವಿರಾರು ಕೋಟಿಯ ಲೆಕ್ಕ ನಿಂತಿದೆ. ಕೊಲ್ಲಿಯಲ್ಲಿ ಗಾಳಿ ಅಳೆಯುವ ಲೈಡಾರ್ ಯಂತ್ರ ಕೂರಿಸಿದ್ದು 2017ರಲ್ಲಿ. ಒಳ್ಳೆಯ ಕೆಲಸ. ಆದರೆ ಎಲ್ಲೆಲ್ಲಿ ಹರಾಜು ಹಾಕಬೇಕು ಅಂತಿದ್ದೀರೋ ಅಲ್ಲೆಲ್ಲ ಗಾಳಿ, ಅಲೆ, ಮಣ್ಣು ಮೂರರ ಲೆಕ್ಕವೂ ಮೊದಲೇ ಸರ್ಕಾರದ ಕೈಯಲ್ಲಿರಬೇಕು. ನೆದರ್ಲೆಂಡ್ಸ್ ಮಾಡುವುದು ಇದನ್ನೇ. ಸರ್ಕಾರವೇ ಸಮೀಕ್ಷೆ ಮಾಡಿ ಎಲ್ಲರ ಮುಂದಿಡುತ್ತದೆ, ಆಮೇಲೆ ಕಂಪನಿಗಳನ್ನು ಕರೆಯುತ್ತದೆ. ಕತ್ತಲಲ್ಲಿ ಕೂತವರು ದರ ಜಾಸ್ತಿ ಹೇಳುತ್ತಾರೆ, ಇಲ್ಲ ಎದ್ದು ಹೋಗುತ್ತಾರೆ.

ಇನ್ನು ಬಂದರು. ಈಗಿನ ದೊಡ್ಡ ಕಡಲ ಯಂತ್ರಗಳಲ್ಲಿ ಒಂದು 15 ಮೆಗಾವ್ಯಾಟಿನದು. ಅದರ ಒಂದೊಂದು ರೆಕ್ಕೆ 100 ಮೀಟರಿಗಿಂತ ಉದ್ದ. ಇದನ್ನು ಲಾರಿಯ ಮೇಲೆ ಹೇರಿ ಹೆದ್ದಾರಿಯಲ್ಲಿ ತರೋಕಾಗಲ್ಲ. ಕಾರ್ಖಾನೆ ಧಕ್ಕೆಯ ಪಕ್ಕದಲ್ಲೇ ಇರಬೇಕು, ಧಕ್ಕೆ ನೂರಾರು ಟನ್ ಭಾರ ತಾಳಬೇಕು. ಎರಡು ಬಂದರುಗಳಿಗೆ 600 ಕೋಟಿ ಇಟ್ಟಿದ್ದೀರಿ, ಸರಿ. ಆ ಕೆಲಸ ಟೆಂಡರಿಗಾಗಿ ಕಾಯುವುದು ಬೇಡ. ಆಮೇಲೆ ಹಡಗು: ಕಾಲುಗಳನ್ನು ಕಡಲತಳಕ್ಕೆ ಊರಿ, ತಾನೇ ನೀರಿನಿಂದ ಮೇಲೆದ್ದು, ಯಂತ್ರವನ್ನು ಕ್ರೇನಿನಲ್ಲಿ ಎತ್ತಿ ಕೂರಿಸುವಂಥದ್ದು. ಅಷ್ಟು ದೊಡ್ಡ ಯಂತ್ರ ಎತ್ತಬಲ್ಲ ಹಡಗು ನಮ್ಮಲ್ಲಿಲ್ಲ. ವಿಚಿತ್ರ ನೋಡಿ, ಯುರೋಪಿನ ಕಡಲ ಗಾಳಿ ಯೋಜನೆಗಳ ಸರ್ವಿಸ್ ಹಡಗು ಕಟ್ಟಲು ನಮ್ಮ ಕೊಚ್ಚಿ ಶಿಪ್‌ಯಾರ್ಡ್‌ಗೆ ಆರ್ಡರ್ ಬರುತ್ತದೆ. ಕಟ್ಟುವ ಕೈ ಇದೆ, ಕೆಲಸ ಕೊಡುವವರು ಇಲ್ಲಿಲ್ಲ ಅಷ್ಟೆ.

ದರದ ವಿಷಯದಲ್ಲಿ ಸೌರ ವಿದ್ಯುತ್ತಿನ ಬೆಲೆ ಹಿಡಿದುಕೊಂಡು ಚೌಕಾಸಿ ಮಾಡಬೇಡಿ. ಬ್ರಿಟನ್ 2023ರಲ್ಲಿ ಒಂದು ಮೆಗಾವ್ಯಾಟ್‌ಅವರ್‌ಗೆ, ಅಂದರೆ ಸಾವಿರ ಯೂನಿಟ್‌ಗೆ, 44 ಪೌಂಡಿಗಿಂತ ಹೆಚ್ಚು ದರ ಕೇಳಬಾರದು ಅಂತ ಮಿತಿ ಹಾಕಿತು. ಕಡಲ ಗಾಳಿಗೆ ಒಂದೇ ಒಂದು ಬಿಡ್ ಬರಲಿಲ್ಲ. ಮಿತಿಯನ್ನು 73ಕ್ಕೆ ಏರಿಸಿದ ಮೇಲೆ, 2024ರಲ್ಲಿ, ಕಂಪನಿಗಳು ವಾಪಸ್ ಬಂದವು. ದುಬಾರಿ ಅನ್ನುವುದು ನಿಜ. ಆದರೆ ತಮಿಳುನಾಡಿನ ಗಾಳಿ ಜೋರಾಗುವುದು ಮುಂಗಾರಿನಲ್ಲಿ, ದೇಶದ ಬಹುಪಾಲು ಕಡೆ ಮೋಡ ಕವಿದು ಸೋಲಾರ್ ಸೊರಗುವ ಹೊತ್ತಿನಲ್ಲಿ. ಸೂರ್ಯ ಮುಳುಗಿದ ಮೇಲೂ ಬೀಸುತ್ತದೆ. ಆ ಕರೆಂಟಿಗೆ ಬೇರೆ ಬೆಲೆ ಇರಬೇಕಾದ್ದೇ. ಸಾಲದಲ್ಲಿ ಮುಳುಗಿರುವ ರಾಜ್ಯ ವಿದ್ಯುತ್ ಕಂಪನಿಗಳ ತಲೆಗೆ ಅದನ್ನು ಕಟ್ಟಿದರೆ ಸಹಿ ಬೀಳಲ್ಲ. ಮೊದಲ ಕೆಲವು ಯೋಜನೆಗಳಿಗಾದರೂ ಕೊಳ್ಳುವ ಹೊಣೆಯನ್ನು ಕೇಂದ್ರವೇ ಹೊರಲಿ.

ತಮಿಳುನಾಡಿನ ಮನ್ನಾರ್ ಕೊಲ್ಲಿಯ ಮೀನುಗಾರರನ್ನು ಕೊನೆಗೆ ಕರೆದು ಸಮಾಧಾನ ಹೇಳುವ ಹಳೇ ಚಾಳಿ ಇಲ್ಲಿ ನಡೆಯಲ್ಲ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಉಳಿದ ದಿನಗಳಲ್ಲಿ ಯಾವ ದೋಣಿ ಎಲ್ಲಿ ಬಲೆ ಬಿಡುತ್ತದೆ, ಕೇಬಲ್ ಎಲ್ಲಿ ಹಾದರೆ ಯಾರ ಹೊಟ್ಟೆಗೆ ಹೊಡೆತ ಅನ್ನುವುದು ಅವರಿಗೇ ಗೊತ್ತು. ನಕ್ಷೆ ಬರೆಯುವಾಗಲೇ ಅವರನ್ನು ಕೂರಿಸಿಕೊಳ್ಳಿ.

30 ಗಿಗಾವ್ಯಾಟಿನ ಮಾತು ಸದ್ಯ ಪಕ್ಕಕ್ಕಿಡಿ ಅಂದರೆ ನಿಮಗೆ ಬೇಸರವಾಗಬಹುದು. ಆದರೆ ಡೆನ್ಮಾರ್ಕ್ 1991ರಲ್ಲಿ ವಿಂಡೆಬಿಯಲ್ಲಿ ಶುರು ಮಾಡಿದ್ದು 11 ಯಂತ್ರಗಳಿಂದ. ಎಲ್ಲ ಸೇರಿ 5 ಮೆಗಾವ್ಯಾಟೂ ಇರಲಿಲ್ಲ. ನಾವೂ ಎಂಟು ಹತ್ತು ಯಂತ್ರ ನಿಲ್ಲಿಸೋಣ, ಸರ್ಕಾರಿ ದುಡ್ಡಿನಲ್ಲೇ ಆಗಲಿ. ನಮ್ಮ ಕೆಸರು, ನಮ್ಮ ಉಬ್ಬರ, ನಮ್ಮ ಚಂಡಮಾರುತದಲ್ಲಿ ಅವು ಹೇಗೆ ನಿಲ್ಲುತ್ತವೆ ಅನ್ನುವ ಲೆಕ್ಕ ಎಲ್ಲರಿಗೂ ಸಿಗಲಿ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ ಇದೆ, ದುಡ್ಡೂ ಬೇಕಿಲ್ಲ. ಹೋದ ಸಲ ಟೆಂಡರಿನ ಕಾಗದ ಓದಿದ ಕಂಪನಿಗಳನ್ನು ಕರೆಸಿ, ಯಾಕೆ ಮುಂದೆ ಬರಲಿಲ್ಲ ಅಂತ ಕೇಳಿ. ಅವರು ಹೇಳಿದ್ದನ್ನು ಹಾಗೇ ಪ್ರಕಟಿಸಿ. ಮುಂದಿನ ಟೆಂಡರಿನ ತಾರೀಖು ಅದಾದ ಮೇಲೆ ಗೊತ್ತು ಮಾಡಿದರಾಯಿತು.

ಇಂತಿ,
ಕರೆಂಟ್ ಬಿಲ್ ಕಟ್ಟುವ ಒಬ್ಬ ಕನ್ನಡಿಗ