ಹದಿನಾಲ್ಕು ಪಂದ್ಯದ ಲೀಗ್, ಎರಡು ದಿನದ ಟೂರ್ನಿ: ಐವಿ ಬ್ಯಾಸ್ಕೆಟ್‌ಬಾಲ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಅಂಕಪಟ್ಟಿಯಲ್ಲಿ ಮೊದಲು ಬಂದ ತಂಡ ಮನೆಗೆ, ಎರಡನೆಯದು ರಾಷ್ಟ್ರೀಯ ಟೂರ್ನಿಗೆ, ಇದು ಯಾವ ನ್ಯಾಯ ಅಂತ ಕೇಳಿದ್ದೀಯ. 2024ರ ಪ್ರಿನ್ಸ್‌ಟನ್ ತಂಡವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಿದ್ದೀಯ ಅಂತ ಗೊತ್ತಾಯಿತು. ಆ ವರ್ಷ ಅವರು ಅಮೆರಿಕದ ಐವಿ ಲೀಗಿನ 14 ಪಂದ್ಯಗಳಲ್ಲಿ 12 ಗೆದ್ದು ಮೊದಲಿಗರಾದರು. ಲೀಗ್ ಟೂರ್ನಿಯ ಸೆಮಿಫೈನಲ್‌ನಲ್ಲಿ ಬ್ರೌನ್ ಕೈಯಲ್ಲಿ 90-81ರಿಂದ ಸೋತರು. ಆ ಸೋಲನ್ನೂ ಸೇರಿಸಿ ಒಟ್ಟು 24 ಗೆಲುವು, 4 ಸೋಲು. ಆದರೂ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಟೂರ್ನಿಯ ಬಾಗಿಲು ಅವರಿಗೆ ತೆರೆಯಲಿಲ್ಲ.

ಐಪಿಎಲ್ ಲೆಕ್ಕ ನಿನಗೆ ಬಾಯಿಪಾಠ, ಅಲ್ಲಿಂದಲೇ ಶುರು ಮಾಡುತ್ತೇನೆ. ಅಲ್ಲಿ ಒಂದೊಂದು ತಂಡಕ್ಕೂ 14 ಲೀಗ್ ಪಂದ್ಯ, ಆಮೇಲೆ ಮೊದಲ ನಾಲ್ವರಿಗೆ ಪ್ಲೇಆಫ್. ಐವಿ ಲೀಗಿನಲ್ಲೂ ಲೆಕ್ಕ ಅದೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಪೆನ್, ಕೊಲಂಬಿಯಾ, ಕಾರ್ನೆಲ್, ಬ್ರೌನ್, ಡಾರ್ಟ್‌ಮತ್ ಎಂಬ ಎಂಟು ವಿಶ್ವವಿದ್ಯಾಲಯಗಳು. ಉಳಿದ ಏಳರ ಜೊತೆ ತವರಲ್ಲೊಂದು, ಹೊರಗೊಂದು ಪಂದ್ಯ, ಒಟ್ಟು 14. ಮೊದಲ ನಾಲ್ಕು ಸ್ಥಾನದವರಿಗೆ ಮಾರ್ಚ್ ಮಧ್ಯದಲ್ಲಿ ಟೂರ್ನಿ: ಮೊದಲನೆಯವರಿಗೆ ನಾಲ್ಕನೆಯವರು, ಎರಡನೆಯವರಿಗೆ ಮೂರನೆಯವರು ಎದುರಾಳಿ. ವ್ಯತ್ಯಾಸ ಇರುವುದು ಇದರ ಮುಂದೆ. 2025ರ ಐಪಿಎಲ್‌ನಲ್ಲಿ ಪಟ್ಟಿಯ ತುದಿಯಲ್ಲಿದ್ದ ಪಂಜಾಬ್ ಮೊದಲ ಕ್ವಾಲಿಫೈಯರ್‌ನಲ್ಲಿ ನಮ್ಮ ಆರ್‌ಸಿಬಿಗೆ ಸೋತರೂ ಎರಡನೆಯ ಕ್ವಾಲಿಫೈಯರ್ ಗೆದ್ದು ಫೈನಲ್‌ಗೆ ಬಂತು. ಎರಡು ತಿಂಗಳ ದುಡಿಮೆಗೆ ಒಂದು ಹೆಚ್ಚಿನ ಅವಕಾಶದ ರೂಪದಲ್ಲಿ ಬೆಲೆ ಸಿಕ್ಕಿತು. ಐವಿಯಲ್ಲಿ ಆ ಎರಡನೆಯ ಬಾಗಿಲೇ ಇಲ್ಲ. ಸೆಮಿಫೈನಲ್ ಸೋತರೆ 14 ಪಂದ್ಯಗಳ ಫಲ ಅಲ್ಲಿಗೇ ಮುಗಿಯಿತು.

ಮೊದಲು ಹೀಗಿರಲಿಲ್ಲ. 2016ರವರೆಗೆ ಲೀಗ್ ಗೆದ್ದವರೇ ನೇರವಾಗಿ ರಾಷ್ಟ್ರೀಯ ಟೂರ್ನಿಗೆ ಹೋಗುತ್ತಿದ್ದರು. ಕಾಲೇಜು ಆಟದ ಮೇಲಿನ ಮಟ್ಟವಾದ ಡಿವಿಷನ್ ಒಂದರ ಕಾನ್ಫರೆನ್ಸ್‌ಗಳಲ್ಲಿ, ಅಂದರೆ ಐವಿಯಂಥ ಲೀಗುಗಳಲ್ಲಿ, ಟೂರ್ನಿಯನ್ನು ಎಲ್ಲರಿಗಿಂತ ಕೊನೆಗೆ ಒಪ್ಪಿಕೊಂಡದ್ದು ಐವಿ. ಇಬ್ಬರು ಸಮನಾಗಿ ನಿಂತರೆ ಮಾತ್ರ ಬೇರೊಬ್ಬರ ಅಂಗಳದಲ್ಲಿ ಒಂದೇ ಒಂದು ಪ್ಲೇಆಫ್ ಪಂದ್ಯ. 2011ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಯೇಲ್‌ನ ಅಂಗಳದಲ್ಲಿ ಆಡಿದರು. ಕೊನೆಯ ಕ್ಷಣದಲ್ಲಿ ಡಗ್ ಡೇವಿಸ್ ಹಾಕಿದ ಬುಟ್ಟಿಯಿಂದ ಪ್ರಿನ್ಸ್‌ಟನ್ 63-62ಕ್ಕೆ ಗೆದ್ದಿತು. 2015ರಲ್ಲಿ ಹಾರ್ವರ್ಡ್ ಯೇಲನ್ನು 53-51ಕ್ಕೆ ಮಣಿಸಿದ್ದು ಫಿಲಡೆಲ್ಫಿಯಾದ ಪೆಲೆಸ್ಟ್ರಾದಲ್ಲಿ. ಎರಡೂ ಸಲ ಅಂಗಳ ಆಡುವ ಇಬ್ಬರದ್ದೂ ಅಲ್ಲ ಅನ್ನುವುದನ್ನು ನೆನಪಿಟ್ಟುಕೋ. ನನ್ನ ತಕರಾರು ಇರುವುದೇ ಅಲ್ಲಿ.

ಅದಕ್ಕೆ ಮುಂಚೆ, ಎರಡನೆಯ ತಂಡಕ್ಕೂ ಜಾಗ ಕೊಡಬಹುದಲ್ಲ ಅನ್ನುವ ನಿನ್ನ ಮಾತಿಗೆ ಉತ್ತರ. 2025ರಲ್ಲಿ ಪುರುಷರ ರಾಷ್ಟ್ರೀಯ ಟೂರ್ನಿಯ 68 ತಂಡಗಳಲ್ಲಿ 31 ತಂಡಗಳು ತಮ್ಮ ಕಾನ್ಫರೆನ್ಸ್ ಗೆದ್ದು ನೇರವಾಗಿ ಬಂದವು. ಉಳಿದ 37 ತಂಡಗಳನ್ನು ಆಯ್ಕೆ ಸಮಿತಿ ಆರಿಸಿತು. ಸಮಿತಿಯ ಮುಂದಿರುವ ಮುಖ್ಯ ಕಾಗದ 2018-19ರಿಂದ ಬಂದ ‘ನೆಟ್’ ಎಂಬ ರ್‍ಯಾಂಕಿಂಗ್. ಎದುರಾಳಿಯ ರ್‍ಯಾಂಕ್ ಮತ್ತು ಆಡಿದ ಜಾಗ ನೋಡಿ ಪ್ರತಿ ಪಂದ್ಯವನ್ನು ನಾಲ್ಕು ದರ್ಜೆಗೆ ಹಾಕುತ್ತಾರೆ. ಮೊದಲ ದರ್ಜೆಗೆ ಬರಬೇಕಾದರೆ ತವರಲ್ಲಿ ಮೊದಲ 30ರೊಳಗಿನ ತಂಡದ ಜೊತೆ ಆಡಿರಬೇಕು, ತಟಸ್ಥ ಅಂಗಳದಲ್ಲಾದರೆ 50ರೊಳಗೆ, ಎದುರಾಳಿಯ ಅಂಗಳದಲ್ಲಾದರೆ 75ರೊಳಗೆ.

ಐವಿ ತಂಡಗಳು ಸಿಕ್ಕಿಬೀಳುವುದು ಇಲ್ಲೇ. ದೊಡ್ಡ ತಂಡಗಳು ನವೆಂಬರ್-ಡಿಸೆಂಬರ್‌ನಲ್ಲಿ ಇವರ ಪುಟ್ಟ ಅಂಗಳಕ್ಕೆ ಬರಲು ಒಪ್ಪುವುದು ಅಪರೂಪ. ಗೆದ್ದರೆ ಅವರಿಗೆ ಲಾಭ ಕಡಿಮೆ, ಸೋತರೆ ನಷ್ಟ ಜಾಸ್ತಿ. ಹೋಗಿ ಆಡಿದರೆ ಪ್ರೇಕ್ಷಕರೆಲ್ಲ ಅವರ ಕಡೆ. ಹೀಗಾಗಿ ಮೊದಲ ದರ್ಜೆಯ ಪಂದ್ಯ ಸಿಗುವುದೇ ಬೆರಳೆಣಿಕೆಯಷ್ಟು. ಜನವರಿಯಲ್ಲಿ ಲೀಗ್ ಶುರುವಾದ ಮೇಲೆ ಹೆಚ್ಚಿನ ಪಂದ್ಯ ಮೂರನೆಯ, ನಾಲ್ಕನೆಯ ದರ್ಜೆಯವು. ಅಲ್ಲಿ ಗೆದ್ದರೆ ರ್‍ಯಾಂಕ್ ಅಷ್ಟಾಗಿ ಮೇಲೇರುವುದಿಲ್ಲ, ಒಂದು ಸೋತರೆ ಸರ್ರನೆ ಇಳಿಯುತ್ತದೆ. ಪುರುಷರಲ್ಲಿ ಐವಿಗೆ ಒಂದೇ ವರ್ಷ ಎರಡು ಸ್ಥಾನ ಸಿಕ್ಕಿದ್ದೇ ಇಲ್ಲ. ಮಹಿಳೆಯರ ಕಥೆ ಬೇರೆ: 2016ರಲ್ಲಿ ಪ್ರಿನ್ಸ್‌ಟನ್‌ಗೆ ಸಮಿತಿಯ ಸ್ಥಾನ ಸಿಕ್ಕಿತು, 2025ರಲ್ಲಿ ಹಾರ್ವರ್ಡ್ ಟೂರ್ನಿ ಗೆದ್ದರೂ ಕೊಲಂಬಿಯಾ ಮತ್ತು ಪ್ರಿನ್ಸ್‌ಟನ್ ಸೇರಿ ಮೂರು ತಂಡಗಳು ಹೋದವು. ಈ ಲೀಗಿನ ಮಹಿಳಾ ಪಂದ್ಯಗಳನ್ನು ನೋಡದೆ ಬಿಡಬೇಡ.

ಈಗ ಅಂಗಳದ ವಿಷಯ. ಟೂರ್ನಿ ಎಂಟು ಕ್ಯಾಂಪಸ್‌ಗಳಲ್ಲಿ ಸರದಿಯಂತೆ ನಡೆಯುತ್ತದೆ. ಯಾರು ಮೊದಲ ಸ್ಥಾನದಲ್ಲಿದ್ದಾರೆ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮೊದಲ ವರ್ಷವೇ, 2017ರಲ್ಲಿ, ಎಡವಟ್ಟು ಕಣ್ಣಿಗೆ ರಾಚಿತು. ಪ್ರಿನ್ಸ್‌ಟನ್ ಲೀಗಿನಲ್ಲಿ 14ಕ್ಕೆ 14 ಗೆದ್ದಿತ್ತು. ನಾಲ್ಕನೆಯ ಸ್ಥಾನದ ಪೆನ್ 6 ಗೆದ್ದು 8 ಸೋತಿತ್ತು. ಸೆಮಿಫೈನಲ್ ಎಲ್ಲಿ? ಪೆಲೆಸ್ಟ್ರಾದಲ್ಲಿ, ಅಂದರೆ ಪೆನ್‌ನ ಸ್ವಂತ ಮನೆಯಲ್ಲಿ! ಪ್ರಿನ್ಸ್‌ಟನ್ ಸೋಲಿನ ಅಂಚಿನಿಂದ ಕೊನೆಯ ಸೆಕೆಂಡುಗಳಲ್ಲಿ ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ 72-64ಕ್ಕೆ ಬದುಕಿತು.

ಎಲ್ಲರಿಗೂ ಅಂಥ ಅದೃಷ್ಟ ಇರಲಿಲ್ಲ. 2018ರಲ್ಲಿ ಹಾರ್ವರ್ಡ್ ಮೊದಲ ಶ್ರೇಯಾಂಕ. ಫೈನಲ್ ಪೆಲೆಸ್ಟ್ರಾದಲ್ಲಿ ಪೆನ್ ವಿರುದ್ಧ. 68-65ಕ್ಕೆ ಪೆನ್ ಗೆದ್ದಿತು. 2019ರಲ್ಲಿ ಮತ್ತೆ ಹಾರ್ವರ್ಡ್ ಮೊದಲು. ಫೈನಲ್ ಯೇಲ್‌ನ ಅಂಗಳದಲ್ಲಿ ಯೇಲ್ ವಿರುದ್ಧ. 97-85ಕ್ಕೆ ಯೇಲ್ ಗೆದ್ದಿತು. 2023ರಲ್ಲಿ ಯೇಲ್ ಮೊದಲು; ಫೈನಲ್ ಪ್ರಿನ್ಸ್‌ಟನ್‌ನ ಜ್ಯಾಡ್ವಿನ್ ಜಿಮ್‌ನಲ್ಲಿ ಪ್ರಿನ್ಸ್‌ಟನ್ ವಿರುದ್ಧ; 74-65ಕ್ಕೆ ಪ್ರಿನ್ಸ್‌ಟನ್ ಗೆದ್ದಿತು. 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಟೂರ್ನಿ ನಡೆಯಲಿಲ್ಲ. 2025ರವರೆಗೆ ನಡೆದ ಏಳು ಟೂರ್ನಿಗಳಲ್ಲಿ ಮೊದಲ ಶ್ರೇಯಾಂಕದವರು ಗೆದ್ದದ್ದು 2017ರಲ್ಲಿ ಮತ್ತು 2025ರಲ್ಲಿ ಮಾತ್ರ. ಉಳಿದ ಐದರಲ್ಲೂ ಎರಡನೆಯವರು. ಆ ಏಳರಲ್ಲಿ ಮೂರು, ನಾಲ್ಕನೆಯವರು ಒಮ್ಮೆಯೂ ಗೆದ್ದಿರಲಿಲ್ಲ.

ಇದರಿಂದ ನನಗೆ ಅನಿಸುವುದು ಇಷ್ಟು. ಟೂರ್ನಿಯನ್ನು ತೆಗೆಯಬೇಕಾಗಿಲ್ಲ. ಫೆಬ್ರವರಿ ಕೊನೆಯಲ್ಲಿ ನಾಲ್ಕನೆಯ ಸ್ಥಾನಕ್ಕಾಗಿ ನಡೆಯುವ ಹೋರಾಟ ಮೊದಲು ಇರಲೇ ಇಲ್ಲ. ಅದು ಲೀಗಿಗೆ ಜೀವ ತಂದಿದೆ. ಎರಡನೆಯವರಾಗಿ ಬಂದವರೂ ರಾಷ್ಟ್ರೀಯ ಟೂರ್ನಿಯಲ್ಲಿ ಮರ್ಯಾದೆ ಉಳಿಸಿದ್ದಾರೆ: 2023ರಲ್ಲಿ 15ನೇ ಶ್ರೇಯಾಂಕದ ಪ್ರಿನ್ಸ್‌ಟನ್ ಅರಿಜೋನಾವನ್ನು 59-55ಕ್ಕೂ ಮಿಸೌರಿಯನ್ನು 78-63ಕ್ಕೂ ಸೋಲಿಸಿ ಕೊನೆಯ 16ರೊಳಗೆ ಹೋಯಿತು, 2024ರಲ್ಲಿ 13ನೇ ಶ್ರೇಯಾಂಕದ ಯೇಲ್ ಆಬರ್ನ್ ತಂಡವನ್ನು 78-76ಕ್ಕೆ ಸೋಲಿಸಿತು. ಆದರೆ ಅಂಗಳ ಮಾತ್ರ ಲೀಗ್ ಗೆದ್ದವರದ್ದೇ ಆಗಬೇಕು. ಎರಡು ತಿಂಗಳು ಆಡಿ ಗಳಿಸಿದ್ದಕ್ಕೆ ಅಷ್ಟಾದರೂ ಕೊಡಬೇಡವೇ? ಟಿಕೆಟ್ ಮಾರಾಟ, ಹೋಟೆಲ್, ಟಿವಿಯ ಏರ್ಪಾಟನ್ನೆಲ್ಲ ವಾರದೊಳಗೆ ಮಾಡುವುದು ಕಷ್ಟ ಅನ್ನುತ್ತಾರೆ. ಹೌದು, ಕಷ್ಟವೇ. ಆದರೆ ಗೆದ್ದವನ ಅಂಗಳದಲ್ಲೇ ಟೂರ್ನಿ ನಡೆಸುವ ಸಣ್ಣ ಕಾನ್ಫರೆನ್ಸ್‌ಗಳು ಅಮೆರಿಕದಲ್ಲಿ ಇವೆ.

ಆ 14 ಪಂದ್ಯ ಎಷ್ಟು ಕಠಿಣ ಅಂತ ತಿಳಿದರೆ ನನ್ನ ಸಿಟ್ಟು ನಿನಗೂ ಅರ್ಥವಾಗುತ್ತದೆ. ಐವಿಯಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಇಲ್ಲ, ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ. ಓದು ಕೆಡಬಾರದೆಂದು ಪಂದ್ಯಗಳನ್ನು ಹಿಂದಿನಿಂದಲೂ ಶುಕ್ರವಾರ-ಶನಿವಾರ ಜೋಡಿಯಾಗಿ ಇಡುತ್ತಾ ಬಂದಿದ್ದಾರೆ. ಈಚೆಗೆ ಎಲ್ಲ ವಾರವೂ ಹಾಗಿರುವುದಿಲ್ಲ. ಹೊರಗೆ ಹೋದ ತಂಡ ಒಂದೇ ವಾರಾಂತ್ಯದಲ್ಲಿ ಒಂದು ಜೋಡಿಯ ಇಬ್ಬರನ್ನೂ ಎದುರಿಸುತ್ತದೆ. ಜೋಡಿಗಳೂ ಗೊತ್ತಾದವೇ: ಪೆನ್-ಪ್ರಿನ್ಸ್‌ಟನ್, ಯೇಲ್-ಬ್ರೌನ್, ಹಾರ್ವರ್ಡ್-ಡಾರ್ಟ್‌ಮತ್, ಕೊಲಂಬಿಯಾ-ಕಾರ್ನೆಲ್. ಕೊನೆಯ ಜೋಡಿಯೇ ಎಲ್ಲರಿಗೂ ತಲೆನೋವು. ಶುಕ್ರವಾರ ರಾತ್ರಿ ಕೊಲಂಬಿಯಾ ಇರುವ ನ್ಯೂಯಾರ್ಕ್‌ನಲ್ಲಿ ಆಡಿ ಸುಮಾರು 350 ಕಿಲೋಮೀಟರ್ ಬಸ್ಸಿನಲ್ಲಿ ಕೂತು ಕಾರ್ನೆಲ್ ಇರುವ ಇಥಾಕಾ ಸೇರಬೇಕು, ಅದೂ ಚಳಿಗಾಲದಲ್ಲಿ. ಶನಿವಾರದ ಎದುರಾಳಿಗೆ ಸಿದ್ಧವಾಗಲು ಸಿಗುವುದು ಬೆಳಗಿನ ಒಂದು ಲಘು ಅಭ್ಯಾಸ, ಒಂದಿಷ್ಟು ವಿಡಿಯೊ. ಏಳೇ ಆಟಗಾರರನ್ನು ನೆಚ್ಚಿಕೊಂಡ ತಂಡ ಶನಿವಾರ ಬಯಲಾಗುತ್ತದೆ: ಕಾಲು ಸೋತಾಗ ದೂರದ ಹೊಡೆತ ರಿಂಗಿನ ಮುಂದಿನ ಅಂಚಿಗೆ ಬಡಿಯುತ್ತದೆ, ಡಿಫೆಂಡರ್ ಕಾಲು ಸರಿಸುವ ಬದಲು ಕೈ ಚಾಚುತ್ತಾನೆ, ಫೌಲ್ ಏರುತ್ತವೆ. ಒಂಬತ್ತು ಮಂದಿಯನ್ನು ಆಡಿಸಬಲ್ಲ ಕೋಚ್‌ಗೆ ಇದರ ಲಾಭ. ಟೂರ್ನಿಯಲ್ಲೂ ಶನಿವಾರ ಸೆಮಿಫೈನಲ್, ಭಾನುವಾರ ಮಧ್ಯಾಹ್ನ ಫೈನಲ್ ಆದ್ದರಿಂದ ಈ ಅಭ್ಯಾಸ ಅಲ್ಲೂ ಕೈ ಹಿಡಿಯುತ್ತದೆ.

ನೋಡುವಾಗ ಕೊನೆಯ ಎರಡು ನಿಮಿಷದ ಲೆಕ್ಕ ತಲೆಯಲ್ಲಿರಲಿ. ಪುರುಷರ ಪಂದ್ಯ 20 ನಿಮಿಷದ ಎರಡು ಅರ್ಧ, ಒಂದು ದಾಳಿಗೆ 30 ಸೆಕೆಂಡ್. ಒಂದು ಅರ್ಧದಲ್ಲಿ ತಂಡದ ಏಳನೆಯ ಫೌಲ್‌ನಿಂದ ಎದುರಾಳಿಗೆ ‘ಒನ್ ಆಂಡ್ ಒನ್’: ಮೊದಲ ಫ್ರೀ ಥ್ರೋ (ಯಾರೂ ತಡೆಯದೆ ಗೆರೆಯಿಂದ ಹೊಡೆಯುವ ಹೊಡೆತ) ಬಿದ್ದರಷ್ಟೇ ಎರಡನೆಯದು. ಹತ್ತನೆಯ ಫೌಲ್‌ನಿಂದ ಎರಡೂ ಖಾತ್ರಿ. ಹಿಂದಿರುವ ತಂಡ ಬೇಕೆಂದೇ ಫೌಲ್ ಮಾಡುವುದು ಗಡಿಯಾರ ನಿಲ್ಲಿಸಲು; ಏಳರಿಂದ ಒಂಬತ್ತರೊಳಗೆ ಫೌಲ್ ಇದ್ದರೆ ಆ ಜೂಜು ಲಾಭದ್ದು, ಯಾಕೆಂದರೆ ಒಂದೇ ತಪ್ಪಿಗೆ ಚೆಂಡು ಕೈ ಬದಲಾಗುತ್ತದೆ. ಮುಂದಿರುವ ತಂಡ ಮೂರು ಅಂಕದ ಅಂತರದಲ್ಲಿ, ಐದಾರು ಸೆಕೆಂಡ್ ಉಳಿದಾಗ ತಾನೇ ಫೌಲ್ ಮಾಡಿ ಮೂರಂಕದ ಹೊಡೆತ ತಪ್ಪಿಸುವುದೂ ಉಂಟು. ಆದರೆ ಹೊಡೆಯಲು ಕೈ ಎತ್ತಿದ ಮೇಲೆ ಮುಟ್ಟಿದರೆ ಮೂರು ಫ್ರೀ ಥ್ರೋ ಕೊಟ್ಟಂತೆ, ಆದ್ದರಿಂದ ಚೆಂಡು ನೆಲಕ್ಕೆ ಬಡಿಯುತ್ತಿರುವಾಗಲೇ ಮಾಡಬೇಕು. 2024ರ ಫೈನಲ್‌ನಲ್ಲಿ ಕೊನೆಯ ಅರ್ಧ ನಿಮಿಷದ ಹೊತ್ತಿಗೆ ಬ್ರೌನ್ ಆರು ಅಂಕ ಮುಂದಿತ್ತು. ಗಡಿಯಾರ ಮುಗಿಯುವಾಗ ಮ್ಯಾಟ್ ನೋಲಿಂಗ್ ಹಾಕಿದ ಬುಟ್ಟಿಯಿಂದ ಯೇಲ್ 62-61ಕ್ಕೆ ಗೆದ್ದಿತು. ಮಹಿಳೆಯರದ್ದು 10 ನಿಮಿಷದ ನಾಲ್ಕು ಕ್ವಾರ್ಟರ್. ಪ್ರತಿ ಕ್ವಾರ್ಟರ್‌ಗೂ ಫೌಲ್ ಲೆಕ್ಕ ಹೊಸದು, ಐದನೆಯದರಿಂದ ಎರಡು ಹೊಡೆತ. ಅಲ್ಲಿ ಒನ್ ಆಂಡ್ ಒನ್ ಇಲ್ಲ, ಹಾಗಾಗಿ ಹಿಂದಿರುವವರು ಫೌಲನ್ನು ಅಷ್ಟು ನಂಬುವಂತಿಲ್ಲ.

ಇನ್ನೊಂದು, ಈ ಲೀಗಿನ ಕಲೆ ಅಂದರೆ ಬ್ಯಾಕ್‌ಡೋರ್ ಕಟ್. 1967ರಿಂದ 1996ರವರೆಗೆ ಪ್ರಿನ್ಸ್‌ಟನ್ ಕೋಚ್ ಆಗಿದ್ದ ಪೀಟ್ ಕ್ಯಾರಿಲ್ ಇದನ್ನು ಒಂದು ಪದ್ಧತಿಯಾಗಿಯೇ ಬೆಳೆಸಿದರು. ಐವರೂ ರಿಂಗಿನಿಂದ ದೂರ ನಿಲ್ಲುತ್ತಾರೆ, ಸಾಮಾನ್ಯವಾಗಿ ರಿಂಗಿನ ಬಳಿ ನಿಲ್ಲುವ ಎತ್ತರದ ಆಟಗಾರ, ಅಂದರೆ ಸೆಂಟರ್ ಕೂಡ ಫ್ರೀ ಥ್ರೋ ಗೆರೆಯ ಆಸುಪಾಸಿಗೆ ಬಂದು ಚೆಂಡು ಹಿಡಿಯುತ್ತಾನೆ. ರಿಂಗಿನ ಕೆಳಗೆ ಜಾಗ ಖಾಲಿ. ಪಕ್ಕದಲ್ಲಿರುವ ಆಟಗಾರ ಚೆಂಡು ಕೇಳುವವನಂತೆ ಒಂದೆರಡು ಹೆಜ್ಜೆ ಮೇಲೆ ಬರುತ್ತಾನೆ. ಪಾಸ್ ತಡೆಯಲು ಡಿಫೆಂಡರ್ ಮುಂದೆ ಕೈ ಚಾಚಿದ ಕ್ಷಣವೇ ಹೊರಗಾಲನ್ನು ಊರಿ ಅವನ ಬೆನ್ನ ಹಿಂದಿನಿಂದ ರಿಂಗಿಗೆ ಓಟ. ಸೆಂಟರ್ ನೆಲಕ್ಕೆ ಒಮ್ಮೆ ಪುಟಿಸಿ ಪಾಸ್ ಕೊಡುತ್ತಾನೆ. ತಪ್ಪುವುದು ಎಲ್ಲಿ? ಓಟ ನೇರವಾಗಿರದೆ ಬಳಸಿಕೊಂಡು ಹೋದರೆ ಡಿಫೆಂಡರ್ ಸುಧಾರಿಸಿಕೊಳ್ಳುತ್ತಾನೆ. ಪಾಸ್ ಅರೆಕ್ಷಣ ತಡವಾದರೆ ಚೆಂಡು ಗೆರೆಯಾಚೆ. ಉಳಿದ ಮೂವರಿಗೆ ದೂರದ ಹೊಡೆತ ಬಾರದಿದ್ದರೆ ಅವರನ್ನು ಕಾಯಬೇಕಾದವರು ಬಂದು ರಿಂಗಿನ ಕೆಳಗೇ ಕೂರುತ್ತಾರೆ. 1996ರ ರಾಷ್ಟ್ರೀಯ ಟೂರ್ನಿಯಲ್ಲಿ ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎ ವಿರುದ್ಧ 41-41 ಇದ್ದಾಗ ಪ್ರಿನ್ಸ್‌ಟನ್‌ನ ಸ್ಟೀವ್ ಗುಡ್ರಿಚ್ ಕೊಟ್ಟ ಇಂಥದೇ ಪಾಸ್‌ಗೆ ಗೇಬ್ ಲೆವುಲಿಸ್ ಬುಟ್ಟಿ ಹಾಕಿದಾಗ ಉಳಿದಿದ್ದದ್ದು 3.9 ಸೆಕೆಂಡ್. ಅದು ಕ್ಯಾರಿಲ್ ಅವರ ಕೊನೆಯ ಗೆಲುವು. ಆ ತಂಡದಲ್ಲಿ ಆಡಿದ್ದ ಮಿಚ್ ಹೆಂಡರ್ಸನ್ 2011ರಿಂದ ಪ್ರಿನ್ಸ್‌ಟನ್ ಕೋಚ್.

ಮುಂದಿನ ದಿನಗಳ ಬಗ್ಗೆ ಆತಂಕ ಇದೆ. 2024ರಲ್ಲಿ ಡ್ಯಾನಿ ವುಲ್ಫ್ ಯೇಲ್‌ನಿಂದ ಮಿಷಿಗನ್‌ಗೆ, 2025ರಲ್ಲಿ ಕ್ಸೇವಿಯನ್ ಲೀ ಪ್ರಿನ್ಸ್‌ಟನ್‌ನಿಂದ ಫ್ಲೋರಿಡಾಗೆ ಹೊರಟರು. ಆಟಗಾರರಿಗೆ ವಿಶ್ವವಿದ್ಯಾಲಯವೇ ಹಣ ಕೊಡುವ ಹೊಸ ಏರ್ಪಾಟಿನಿಂದ ಐವಿ ಹೊರಗುಳಿದಿದೆ. ಒಳ್ಳೆಯ ಆಟಗಾರನನ್ನು ನಾಲ್ಕು ವರ್ಷ ಉಳಿಸಿಕೊಳ್ಳುವುದು ಇನ್ನು ಸುಲಭವಲ್ಲ.

ನೋಡುವ ಹೊತ್ತು ಹೇಳಿಬಿಡುತ್ತೇನೆ. ಮಾರ್ಚ್‌ನ ಎರಡನೆಯ ಭಾನುವಾರದಿಂದ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದೆ ಸರಿಯುತ್ತದೆ, ಆಗ ಪೂರ್ವ ಕರಾವಳಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. 2025ರಲ್ಲಿ ಪುರುಷರ ಸೆಮಿಫೈನಲ್‌ಗಳು ನಮ್ಮಲ್ಲಿ ಶನಿವಾರ ರಾತ್ರಿ 8.30ಕ್ಕೆ ಮತ್ತು 11.30ಕ್ಕೆ, ಫೈನಲ್ ಭಾನುವಾರ ರಾತ್ರಿ 9.30ಕ್ಕೆ. 68 ತಂಡಗಳ ಪಟ್ಟಿ ಹೊರಬೀಳುವುದು ಸೋಮವಾರ ಬೆಳಗಿನ ಜಾವ 3.30ಕ್ಕೆ, ಅದಕ್ಕೆ ನಿದ್ದೆಗೆಡಬೇಡ, ಎದ್ದ ಮೇಲೆ ನೋಡಿದರಾಯಿತು. ಆದರೆ ಶನಿವಾರದ ಎರಡು ಪಂದ್ಯ ತಪ್ಪಿಸಬೇಡ. ಮೊದಲನೆಯದರಲ್ಲಿ ಗೆದ್ದವರಿಗೆ ಫೈನಲ್‌ಗೆ ಮುಂಚೆ ಮೂರು ಗಂಟೆ ಹೆಚ್ಚು ವಿಶ್ರಾಂತಿ ಸಿಗುತ್ತದೆ. ಎರಡನೆಯದು ಹೆಚ್ಚುವರಿ ಅವಧಿಗೆ ಹೋದರಂತೂ ಯಾರ್‍ಯಾರು ಎಷ್ಟು ನಿಮಿಷ ಆಡಿದರು ಅಂತ ಬರೆದಿಟ್ಟುಕೋ. ಭಾನುವಾರ ಎರಡನೆಯ ಅರ್ಧದಲ್ಲಿ ಯಾರ ಹೊಡೆತ ರಿಂಗಿಗೆ ಮುಟ್ಟುತ್ತಿಲ್ಲ ಅಂತ ಆ ಚೀಟಿ ನೋಡಿಯೇ ನಾವಿಬ್ಬರೂ ಮಾತಾಡೋಣ.

ಪ್ರೀತಿಯಿಂದ,
ನಿನ್ನ ಗೆಳೆಯ