ಭಾನುವಾರದ ಮಾತುಕತೆಗೆ ಮುಂಚೆ ಇದನ್ನು ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಮ್ಮ ವಿಷಯ: ಹುಡುಗರು ಉಗ್ರರ ಗುಂಪಿಗೆ ಯಾಕೆ ಸೇರುತ್ತಾರೆ, ತಡೆಯುವುದು ಹೇಗೆ.

ಕಳೆದ ಸಲ ‘ಇದೆಲ್ಲಾ ಧರ್ಮದ ಹುಚ್ಚು’ ಎಂದು ಮಾತು ಮುಗಿಸಿಬಿಟ್ಟೆವು, ಅಲ್ವಾ? ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) ಆಫ್ರಿಕಾದ 8 ದೇಶಗಳಲ್ಲಿ ಸುಮಾರು 2,200 ಜನರನ್ನು ಮಾತಾಡಿಸಿ 2023ರಲ್ಲಿ ವರದಿ ಕೊಟ್ಟಿದೆ. ಅವರಲ್ಲಿ ಸಾವಿರಕ್ಕೂ ಜಾಸ್ತಿ ಮಂದಿ ಹಿಂದೆ ಅಂಥ ಗುಂಪುಗಳಲ್ಲಿ ಇದ್ದವರೇ. ತಾವಾಗಿ ಸೇರಿದವರಲ್ಲಿ ಶೇ 25 ಮಂದಿ ಹೇಳಿದ ಮುಖ್ಯ ಕಾರಣ ಕೆಲಸ. ಧರ್ಮ ಎಂದವರು ಶೇ 17.

ಹಾಗಾದರೆ ಕೆಲಸ ಕೊಟ್ಟರೆ ಸಾಕಾ? ನನಗಂತೂ ಹಾಗನ್ನಿಸುವುದಿಲ್ಲ. ‘ಒಂದು ಘಟನೆ ನಮ್ಮನ್ನು ಅತ್ತ ದೂಡಿತು’ ಎಂದವರ ಪೈಕಿ ಶೇ 71 ಮಂದಿ ಬೊಟ್ಟು ಮಾಡಿದ್ದು ಮಾನವ ಹಕ್ಕುಗಳ ಉಲ್ಲಂಘನೆಯತ್ತ. ಎಷ್ಟೋ ಸಲ ಅದನ್ನು ಮಾಡಿದ್ದು ಭದ್ರತಾ ಪಡೆಗಳೇ. ನೈಜೀರಿಯಾದ ಮೈದುಗುರಿಯನ್ನೇ ನೋಡಿ. ಅಲ್ಲಿನ ಉಗ್ರರ ಗುಂಪು ಬೊಕೊ ಹರಾಮ್‌ನ ನಾಯಕ ಮೊಹಮ್ಮದ್ ಯೂಸುಫ್ 2009ರಲ್ಲಿ ಪೊಲೀಸರ ವಶದಲ್ಲಿದ್ದಾಗಲೇ ಸತ್ತ. ವಿಚಾರಣೆ ಇಲ್ಲ, ಕೋರ್ಟ್ ಇಲ್ಲ. ಗುಂಪು ಅಲ್ಲಿಗೆ ಮುಗಿಯಲಿಲ್ಲ, ಇನ್ನೂ ಕ್ರೂರವಾಗಿ ಎದ್ದುಬಂತು. ಕೆಲಸದ ಜೊತೆಗೆ ನಂಬುವಂಥ ಪೊಲೀಸ್ ಠಾಣೆ, ನ್ಯಾಯ ಸಿಗುವ ಕೋರ್ಟ್ ಎರಡೂ ಬೇಕು.

ಇನ್ನೊಂದು ಮಾತು. ಶಾಲೆಯಲ್ಲಿ ಒಂದು ವರ್ಷ ಜಾಸ್ತಿ ಓದಿದರೆ ತಾವಾಗಿ ಸೇರುವ ಸಾಧ್ಯತೆ ಶೇ 13ರಷ್ಟು ಕಡಿಮೆಯಾಗುತ್ತದೆ ಎಂದೂ ಅದೇ ವರದಿ ಹೇಳುತ್ತದೆ. ನಮ್ಮಲ್ಲಿ ಮೇಷ್ಟರುಗಳು ಇದ್ದೀರಿ, ದಯವಿಟ್ಟು ಈ ಬಗ್ಗೆ ನೀವೇ ಮೊದಲು ಮಾತಾಡಿ.